ಕಣ್ಣು ಮರಗಟ್ಟಿಸುವ ಹನಿಯನ್ನು ಡಾಕ್ಟರ್ ಮನೆಗೇಕೆ ಕೊಡುವುದಿಲ್ಲ? ಕಾರ್ಲ್ ಕೋಲರ್ ಬದುಕಿನಲ್ಲಿದೆ ಉತ್ತರ

ಉಲ್ಲಾಳ ಉಪನಗರವಿರಲಿ, ವಿಜಯನಗರವಿರಲಿ, ಕಣ್ಣಿಗೆ ಕಸ ಬಿತ್ತೆಂದು ಡಾಕ್ಟರ್ ಬಳಿ ಹೋದರೆ ಅದನ್ನು ತೆಗೆಯುವ ಮೊದಲು ಒಂದು ಹನಿ ಹಾಕುತ್ತಾರೆ. ಕ್ಷಣಕಾಲ ಉರಿ, ಆಮೇಲೆ ನೋವೇ ಮಾಯ. ಇಷ್ಟು ಒಳ್ಳೆಯ ಔಷಧಿಯನ್ನು ಮನೆಗೂ ಬರೆದುಕೊಡಬಾರದೇ ಎಂದು ಹಲವರಿಗೆ ಅನಿಸುತ್ತದೆ. ಇಂಥ ಹನಿಯನ್ನು ಮೊದಲು ಬಳಕೆಗೆ ತಂದವರ ಕಥೆಯನ್ನು ನಾವು ನೋಡೋಣ.

ಯಾರು ಈ ಕೋಲರ್?

ಕಾರ್ಲ್ ಕೋಲರ್ ಹುಟ್ಟಿದ್ದು 1857ರಲ್ಲಿ, ಇಂದಿನ ಜೆಕ್ ಗಣರಾಜ್ಯದಲ್ಲಿ. ವಿಯೆನ್ನಾದಲ್ಲಿ ವೈದ್ಯಕೀಯ ಓದಿದರು. ಆಗ ಈಥರ್, ಕ್ಲೋರೋಫಾರ್ಮ್ ಇದ್ದವು. ಆದರೆ ಅವುಗಳಿಂದ ಎಚ್ಚರಗೊಂಡ ರೋಗಿ ವಾಂತಿ ಮಾಡಿ ಮುಕ್ಕರಿದರೆ ಆಗತಾನೇ ಕೊಯ್ದ ಕಣ್ಣಿಗೆ ಅಪಾಯ. ಹೀಗಾಗಿ ಎಷ್ಟೋ ಬಾರಿ ಅರಿವಳಿಕೆಯಿಲ್ಲದೆಯೇ ಕಣ್ಣಿನ ಪೊರೆ ತೆಗೆಯುತ್ತಿದ್ದರು.

ಕೋಲರ್ ಮಾರ್ಫಿನ್ ಸೇರಿದಂತೆ ಕೆಲವು ಔಷಧಿಗಳನ್ನು ಪರೀಕ್ಷಿಸಿ ಸೋತಿದ್ದರು. ಅದೇ ಹೊತ್ತಿಗೆ ಗೆಳೆಯ ಸಿಗ್ಮಂಡ್ ಫ್ರಾಯ್ಡ್ ಕೊಕೇನ್ ಬಗ್ಗೆ ಅಧ್ಯಯನ ಮಾಡುತ್ತಿದ್ದರು. ಕೊಕೇನ್ ನಾಲಿಗೆಗೆ ತಗುಲಿದರೆ ಜೋಮು ಹಿಡಿಯುವುದು ಹಲವರಿಗೆ ಗೊತ್ತಿತ್ತು. ಅದನ್ನು ಕಣ್ಣಿಗೆ ಹಾಕಿದರೆ ಹೇಗೆ ಎಂದು ಯೋಚಿಸಿದವರು ಕೋಲರ್. 1884ರಲ್ಲಿ ಮೊದಲು ಕಪ್ಪೆ, ಮೊಲ, ನಾಯಿಗಳ ಮೇಲೆ, ನಂತರ ತಮ್ಮದೇ ಕಣ್ಣಿನ ಮೇಲೆ ಪ್ರಯೋಗ ಮಾಡಿದರು. ಗುಂಡುಸೂಜಿಯ ತಲೆಯಿಂದ ಮುಟ್ಟಿದರೂ ಏನೂ ತಿಳಿಯಲಿಲ್ಲ!

ಆ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕಣ್ಣಿನ ವೈದ್ಯರ ಸಮ್ಮೇಳನವಿತ್ತು. ಹೋಗಲು ಕೋಲರ್ ಬಳಿ ದುಡ್ಡಿರಲಿಲ್ಲ. ಅವರ ಪ್ರಬಂಧವನ್ನು ಬೇರೊಬ್ಬ ವೈದ್ಯರು ಓದಿದರು. ಕೆಲವೇ ವಾರಗಳಲ್ಲಿ ಸುದ್ದಿ ಅಮೆರಿಕ ಮುಟ್ಟಿತು.

ಹೆಸರು ಬಂತು, ಹುದ್ದೆ ಬರಲಿಲ್ಲ. 1885ರಲ್ಲಿ ಸಹೋದ್ಯೋಗಿಯೊಬ್ಬ ಯಹೂದಿಯೆಂದು ನಿಂದಿಸಿದಾಗ ಕೋಲರ್ ಅವನಿಗೆ ಹೊಡೆದರು. ಅದು ಕತ್ತಿವರಸೆಯ ದ್ವಂದ್ವದವರೆಗೆ ಹೋಯಿತು. ಕೊನೆಗೆ ವಿಯೆನ್ನಾ ಬಿಟ್ಟು, 1888ರಲ್ಲಿ ನ್ಯೂಯಾರ್ಕ್ ಸೇರಿದರು. ನೊಬೆಲ್ ಸಿಗಲಿಲ್ಲ. 1944ರಲ್ಲಿ ತೀರಿಕೊಂಡರು.

ಕಣ್ಣಷ್ಟನ್ನೇ ಮರಗಟ್ಟಿಸುವ ದಾರಿ ಅವರಿಂದ ತೆರೆಯಿತು. ಮುಂದೆ ನಮ್ಮ ಬೀಳಗಿಯ ಡಾ. ಎಂ.ಸಿ. ಮೋದಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿ ದಾಖಲೆ ಬರೆದರು. ರೋಗಿಗೆ ಪೂರ್ತಿ ಪ್ರಜ್ಞೆ ತಪ್ಪಿಸಬೇಕಿದ್ದರೆ ಅಂಥ ಶಿಬಿರಗಳು ನಡೆಯುತ್ತಿದ್ದವೇ?

ಹಾಗಾದರೆ ಮನೆಗೆ ಏಕೆ ಬೇಡ?

ಕೊಕೇನ್ ಚಟ ಹಿಡಿಸುವುದಲ್ಲದೆ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನೂ ಹಾಳುಮಾಡುತ್ತಿತ್ತು. ಇಂದು ಪ್ರೊಪರಾಕೇನ್‌ನಂಥ ಸುರಕ್ಷಿತ ಹನಿಗಳಿವೆ. ಆದರೆ ಇವೂ ನೋವನ್ನು ಮುಚ್ಚುತ್ತವೆಯೇ ಹೊರತು ಗಾಯವನ್ನು ವಾಸಿ ಮಾಡುವುದಿಲ್ಲ. ಪದೇ ಪದೇ ಹಾಕಿದರೆ ಗಾಯ ಮಾಯುವುದೇ ನಿಲ್ಲುತ್ತದೆ. ಸಣ್ಣ ಗೀರು ಹುಣ್ಣಾಗಿ ದೃಷ್ಟಿಯೇ ಹೋಗಬಹುದು.

ಕಿತ್ತಳೆ ಬಣ್ಣದ ಹನಿ ಯಾವುದು?

ಅದು ಫ್ಲೋರೆಸಿನ್. 1871ರಲ್ಲಿ ಅಡಾಲ್ಫ್ ಫಾನ್ ಬೇಯರ್ ತಯಾರಿಸಿದ ಬಣ್ಣ. ನೀಲಿ ಬೆಳಕು ಬಿಟ್ಟರೆ ಕಾರ್ನಿಯಾದಲ್ಲಿ ಗೀರು ಇದ್ದ ಜಾಗ ಹಸಿರಾಗಿ ಹೊಳೆಯುತ್ತದೆ. ಕಣ್ಣಿನ ಒತ್ತಡ ಅಳೆಯುವಾಗಲೂ ಇದನ್ನು ಬಳಸುತ್ತಾರೆ. ಕಣ್ಣೀರು ಹಳದಿಯಾದರೆ ಗಾಬರಿ ಬೇಡ, ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಮೊದಲೇ ತೆಗೆಯಿರಿ, ಅದಕ್ಕೆ ಬಣ್ಣ ಹಿಡಿಯುತ್ತದೆ.

ನೆನಪಿಡಿ: ಮರಗಟ್ಟಿಸುವ ಹನಿ ಹಾಕಿದ ಮೇಲೆ, ಜೋಮು ಪೂರ್ತಿ ಇಳಿಯುವವರೆಗೆ ಕಣ್ಣುಜ್ಜಬೇಡಿ. ಉಜ್ಜಿ ಗೀರಾದರೂ ಆಗ ಗೊತ್ತಾಗುವುದಿಲ್ಲ. ಮನೆಗೆ ಬಂದ ಮೇಲೆ ನೋವು ಮರಳಿದರೆ ಅದೇ ಹನಿಯನ್ನು ಮೆಡಿಕಲ್ ಶಾಪ್‌ನಲ್ಲಿ ಹುಡುಕಬೇಡಿ, ಮತ್ತೆ ಡಾಕ್ಟರ್ ಹತ್ತಿರ ಹೋಗಿ.