ಸೈನಿಕರ ಋಣವನ್ನು ಕಾನೂನಾಗಿಸಿದ ಎಡಿತ್ ರೋಜರ್ಸ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಪರಿಚಯ ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು. ನಾನು 2005ರಲ್ಲಿ ಇದೇ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿ, ಮುಂದೆ ಬಿ.ಇ. ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಹತ್ತನೇ ತರಗತಿಯ ಕನ್ನಡ ಪರೀಕ್ಷೆಯಲ್ಲಿ ಪ್ರಬಂಧ ಬರೆದದ್ದೇ ಕೊನೆ, ಆಮೇಲೆ ಕನ್ನಡದಲ್ಲಿ ಎರಡು ಪುಟ ಬರೆದವನಲ್ಲ. ಗಾಂಧೀಜಿ, ವಿಶ್ವೇಶ್ವರಯ್ಯ, ಕುವೆಂಪು ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ನಮ್ಮಲ್ಲಿದ್ದಾರೆ. ನಾನು ಆರಿಸಿಕೊಂಡಿರುವುದು ಅಮೆರಿಕದ ಒಬ್ಬ ಜನಪ್ರತಿನಿಧಿಯನ್ನು. ದೂರದೇಶದ ಈ ಹೆಣ್ಣುಮಗಳು ನಮ್ಮ ಊರಿನವರಿಗೆ ಯಾಕೆ ಬೇಕು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಕಾಲದಲ್ಲಿ ಓದಿದವರಿಗೆಲ್ಲ ಮಿಲ್ಟ್ರಿ ತಾತನ ನೆನಪಿರುತ್ತದೆ. ಆಗಸ್ಟ್ 15ರಂದು ಧ್ವಜಕ್ಕೆ ಹೂವಿನ ಎಸಳು ತುಂಬಿ, ಹಗ್ಗ ಎಳೆದ ಕೂಡಲೇ ಬಿಚ್ಚಿಕೊಳ್ಳುವ ಹಾಗೆ ಗಂಟು ಹಾಕುತ್ತಿದ್ದವರು ಅವರೇ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ತೀರಿಕೊಂಡರು. ಅವರ ಹೆಂಡತಿಗೆ ಕುಟುಂಬ ಪಿಂಚಣಿ ಬರಬೇಕಿತ್ತು. ತಾತನ ಡಿಸ್ಚಾರ್ಜ್ ಪುಸ್ತಕದಲ್ಲಿ ಅಜ್ಜಿಯ ಹೆಸರು ಒಂದು ರೀತಿ ಇತ್ತು, ರೇಷನ್ ಕಾರ್ಡಿನಲ್ಲಿ ಇನ್ನೊಂದು ರೀತಿ. ಇಬ್ಬರೂ ಒಬ್ಬರೇ ಎಂದು ತೋರಿಸಲು ಅರ್ಜಿಯ ಮೇಲೆ ಅರ್ಜಿ ಹಾಕಬೇಕಾಯಿತು. ಇಂಗ್ಲಿಷ್ ಬರೆಯಲು ಬರುತ್ತದೆ ಎಂಬ ಕಾರಣಕ್ಕೆ ಆ ಅರ್ಜಿಗಳನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮಧ್ಯೆ ಒಂದು ಆಗಸ್ಟ್ 15 ಬಂತು. ತಾತನ ನೆನಪಿಗಾಗಿ ಅಜ್ಜಿಯನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಹಾರ ಹಾಕಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕೆಳಗಿಳಿದು ಬಂದ ಅಜ್ಜಿ ನೇರ ನನ್ನ ಹತ್ತಿರ ಬಂದು, ಆಫೀಸಿನಿಂದ ಏನಾದರೂ ಕಾಗದ ಬಂತೇ ಎಂದು ಕೇಳಿದರು. ಬಂದಿರಲಿಲ್ಲ. ಹಣ ಕೈಗೆ ಸಿಗಲು ಎರಡು ವರ್ಷದ ಮೇಲಾಯಿತು.

ಆ ಪ್ರಶ್ನೆ ನನ್ನ ಮನಸ್ಸಿನಲ್ಲೇ ಉಳಿದಿತ್ತು. 2017ರಲ್ಲಿ ಕಂಪನಿ ಕೆಲಸದ ಮೇಲೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬರ್ಲಿಂಗ್ಟನ್ ಎಂಬ ಊರಿನಲ್ಲಿ ಒಂದು ವರ್ಷ ಇದ್ದೆ. ಪಕ್ಕದ ಬೆಡ್‌ಫರ್ಡ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದಿದೆ. ಅದರ ಫಲಕದ ಮೇಲೆ ಒಬ್ಬ ಹೆಂಗಸಿನ ಹೆಸರಿತ್ತು: ಎಡಿತ್ ನೌರ್ಸ್ ರೋಜರ್ಸ್. ಸೈನಿಕರ ಆಸ್ಪತ್ರೆಗೆ ಯಾವುದಾದರೂ ದಂಡನಾಯಕನ ಹೆಸರಿರುತ್ತದೆ ಎಂದುಕೊಂಡಿದ್ದ ನನಗೆ ಆಶ್ಚರ್ಯವಾಯಿತು. ಊರಿನ ಗ್ರಂಥಾಲಯದಲ್ಲಿ ಅವರ ಬಗ್ಗೆ ಓದುತ್ತಾ ಹೋದ ಹಾಗೆ ಅಜ್ಜಿಯ ಪ್ರಶ್ನೆ ಮತ್ತೆ ಮತ್ತೆ ನೆನಪಾಯಿತು.

ಎಡಿತ್ ಹುಟ್ಟಿದ್ದು 1881ರ ಮಾರ್ಚ್ 19ರಂದು, ಮೇನ್ ರಾಜ್ಯದ ಸಾಕೋ ಎಂಬಲ್ಲಿ. ತಂದೆ ಬಟ್ಟೆ ಗಿರಣಿಯ ಮ್ಯಾನೇಜರ್. ಮುಂದೆ ಕುಟುಂಬ ಮ್ಯಾಸಚೂಸೆಟ್ಸ್‌ನ ಲೋವೆಲ್‌ಗೆ ಬಂತು. ಅದೂ ಹತ್ತಿ ಗಿರಣಿಗಳ ಊರೇ. ಅನುಕೂಲಸ್ಥರ ಮನೆಯ ಹುಡುಗಿ, ಓದಿನ ಕೊನೆಯ ಹಂತಕ್ಕೆ ಪ್ಯಾರಿಸ್‌ಗೂ ಹೋಗಿ ಬಂದರು. 1907ರಲ್ಲಿ ಜಾನ್ ಜೇಕಬ್ ರೋಜರ್ಸ್ ಎಂಬ ವಕೀಲರೊಂದಿಗೆ ಮದುವೆಯಾಯಿತು. ಗಂಡ 1912ರ ಚುನಾವಣೆಯಲ್ಲಿ ಗೆದ್ದು ಅಮೆರಿಕದ ಪ್ರತಿನಿಧಿ ಸಭೆಯ ಸದಸ್ಯರಾದರು. ನಮ್ಮ ಲೋಕಸಭೆಯಂಥದ್ದೇ ಸಭೆ ಅದು, ಆದರೆ ಅಲ್ಲಿ ಎರಡು ವರ್ಷಕ್ಕೊಮ್ಮೆ ಚುನಾವಣೆ. ಅಲ್ಲಿಯವರೆಗೆ ಎಡಿತ್ ಅವರ ಬದುಕಿನಲ್ಲಿ ಮುಂದಿನ ಕೆಲಸದ ಸುಳಿವೇ ಇರಲಿಲ್ಲ.

ಮೊದಲ ಮಹಾಯುದ್ಧ ಅದನ್ನು ಬದಲಾಯಿಸಿತು. 1917ರಲ್ಲಿ ಗಂಡನ ಜೊತೆ ಯೂರೋಪಿಗೆ ಹೋದ ಎಡಿತ್, ಯುದ್ಧಭೂಮಿಯ ಹಿಂದಿನ ಆಸ್ಪತ್ರೆಗಳನ್ನು ಕಣ್ಣಾರೆ ಕಂಡರು. ಹಿಂತಿರುಗಿದ ಮೇಲೆ 1918ರಿಂದ 1922ರವರೆಗೆ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ರೆಡ್ ಕ್ರಾಸ್ ಸ್ವಯಂಸೇವಕಿಯಾಗಿ ಗಾಯಾಳುಗಳ ಸೇವೆ ಮಾಡಿದರು. 1922ರಲ್ಲಿ ಅಧ್ಯಕ್ಷ ಹಾರ್ಡಿಂಗ್ ಅವರನ್ನು ಅಂಗವಿಕಲ ಮಾಜಿ ಸೈನಿಕರ ಸ್ಥಿತಿಗತಿ ನೋಡಿಕೊಳ್ಳುವ ತಮ್ಮ ಪ್ರತಿನಿಧಿಯಾಗಿ ನೇಮಿಸಿದರು. ಸಂಬಳ ವರ್ಷಕ್ಕೆ 1 ಡಾಲರ್. ಆಮೇಲೆ ಬಂದ ಕೂಲಿಜ್, ಹೂವರ್ ಇಬ್ಬರೂ ಆ ನೇಮಕವನ್ನು ಮುಂದುವರಿಸಿದರು. ದೇಶದ ಆಸ್ಪತ್ರೆಗಳನ್ನು ಸುತ್ತಿ, ಯಾರಿಗೆ ಏನು ಸಿಕ್ಕಿಲ್ಲ ಎಂಬುದನ್ನು ತಿಳಿಯುವುದೇ ಕೆಲಸ.

1925ರ ಮಾರ್ಚ್‌ನಲ್ಲಿ ಗಂಡ ತೀರಿಕೊಂಡರು. ಮಕ್ಕಳಿರಲಿಲ್ಲ. ಗಂಡನ ಸ್ನೇಹಿತರೂ ಮಾಜಿ ಸೈನಿಕರ ಸಂಘಟನೆಯವರೂ ಒತ್ತಾಯಿಸಿದ್ದರಿಂದ, ತೆರವಾದ ಸ್ಥಾನಕ್ಕೆ ಅವರೇ ನಿಂತರು. ಎದುರಾಳಿ ಆ ರಾಜ್ಯದ ಮಾಜಿ ಗವರ್ನರ್. ಎಡಿತ್ ಭಾರಿ ಅಂತರದಿಂದ ಗೆದ್ದರು. ಗಂಡನ ಹೆಸರಿನಲ್ಲಿ ಗೆದ್ದ ವಿಧವೆ, ಒಂದು ಅವಧಿ ಕೂತು ಎದ್ದು ಹೋಗುತ್ತಾರೆ ಎಂದುಕೊಂಡವರಿದ್ದರು. ಅವರು ಕೂತದ್ದು 35 ವರ್ಷ. ಪ್ರತಿನಿಧಿ ಸಭೆಯಲ್ಲಿ ಅತಿ ದೀರ್ಘಕಾಲ ಇದ್ದ ಮಹಿಳೆ ಎಂಬ ಅವರ ದಾಖಲೆ ಮುರಿದದ್ದು 2018ರಲ್ಲಿ.

ಸಭೆಯಲ್ಲಿ ಅವರು ಹಿಡಿದ ಕೆಲಸ ಒಂದೇ, ಮಾಜಿ ಸೈನಿಕರದ್ದು. ಸೇನೆಯ ನರ್ಸ್‌ಗಳಿಗೆ ಪಿಂಚಣಿ ದೊರಕಿಸಲು ದುಡಿದರು. 1930ರಲ್ಲಿ ಸೈನಿಕ ಆಸ್ಪತ್ರೆಗಳ ಜಾಲ ಕಟ್ಟಲು 1.5 ಕೋಟಿ ಡಾಲರ್ ಬೇಕೆಂಬ ಪ್ರಸ್ತಾವ ತಂದರು. ಭುಜಕ್ಕೆ ಸದಾ ಒಂದು ಆರ್ಕಿಡ್ ಅಥವಾ ಗಾರ್ಡೇನಿಯಾ ಹೂವು ಸಿಕ್ಕಿಸಿಕೊಂಡು ಬರುತ್ತಿದ್ದ ಈ ಮಹಿಳೆ, ಸೈನಿಕರ ಕಾಗದಗಳನ್ನು ಒಂದೊಂದಾಗಿ ಹಿಂಬಾಲಿಸುವುದರಲ್ಲಿ ಹೆಸರಾದರು.

ಸೈನಿಕರನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಆ ದೇಶ 1932ರಲ್ಲಿ ನೋಡಿತು. ಮೊದಲ ಮಹಾಯುದ್ಧದಲ್ಲಿ ಹೋರಾಡಿದವರಿಗೆ ಬೋನಸ್ ಕೊಡುವುದಾಗಿ ಸರ್ಕಾರ ಪತ್ರ ಕೊಟ್ಟಿತ್ತು, ಆದರೆ ಹಣ ಸಿಗುವುದು 1945ಕ್ಕೆ. ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಸಾವಿರಾರು ಮಾಜಿ ಸೈನಿಕರು ಹೆಂಡತಿ ಮಕ್ಕಳೊಂದಿಗೆ ವಾಷಿಂಗ್ಟನ್ನಿಗೆ ಬಂದು, ಈಗಲೇ ಕೊಡಿ ಎಂದು ಗುಡಿಸಲು ಹಾಕಿ ಕೂತರು. ಜುಲೈ 28ರಂದು ಸರ್ಕಾರ ಅವರ ಮೇಲೆ ಸೈನ್ಯವನ್ನೇ ಕಳಿಸಿತು. ಒಂದು ಕಾಲದಲ್ಲಿ ಮೆರವಣಿಗೆ ಮಾಡಿಸಿಕೊಂಡವರ ಗುಡಿಸಲುಗಳು ಸುಟ್ಟುಹೋದವು.

ರೋಜರ್ಸ್ ಅವರ ಮನಸ್ಸಿನಲ್ಲಿ ಇನ್ನೊಂದು ಅನ್ಯಾಯವೂ ಇತ್ತು. ಮೊದಲ ಯುದ್ಧದಲ್ಲಿ ಅಮೆರಿಕದ ಅನೇಕ ಹೆಂಗಸರು ಸೇನೆಯ ಜೊತೆ ವಿದೇಶಕ್ಕೆ ಹೋಗಿ ದುಡಿದಿದ್ದರು. ಫ್ರಾನ್ಸ್‌ನಲ್ಲಿ ಸೇನೆಯ ಟೆಲಿಫೋನ್ ನಡೆಸಿದ ಹುಡುಗಿಯರು ಸಮವಸ್ತ್ರ ತೊಟ್ಟಿದ್ದರು, ಪ್ರಮಾಣ ಸ್ವೀಕರಿಸಿದ್ದರು. ಯುದ್ಧ ಮುಗಿದ ಮೇಲೆ ಅವರನ್ನು ಸೈನಿಕರೆಂದು ಲೆಕ್ಕಕ್ಕೇ ಹಿಡಿಯಲಿಲ್ಲ. ಪಿಂಚಣಿಯಿಲ್ಲ, ಆಸ್ಪತ್ರೆಯಿಲ್ಲ. ಅವರಿಗೆ ಮಾನ್ಯತೆ ಸಿಕ್ಕಿದ್ದು 1977ರಲ್ಲಿ, ಬಹುಪಾಲು ಜನ ಸತ್ತ ಮೇಲೆ. ಎರಡನೇ ಯುದ್ಧ ಹತ್ತಿರ ಬಂದಾಗ ಇದು ಮತ್ತೆ ಆಗಬಾರದೆಂದು ರೋಜರ್ಸ್ 1941ರ ಮೇ ತಿಂಗಳಲ್ಲಿ ಮಹಿಳಾ ಸೇನಾ ದಳದ ಮಸೂದೆ ಮಂಡಿಸಿದರು. ಹೆಂಗಸರು ಸೇನೆಗೆ ಹೋದರೆ ಮನೆಯಲ್ಲಿ ಅಡುಗೆ ಮಾಡುವವರು ಯಾರು ಎಂದು ಸಭೆಯಲ್ಲೇ ಕೇಳಿದವರಿದ್ದರು. ಪೂರ್ತಿ ಸೈನಿಕ ಸ್ಥಾನಮಾನ ಸಿಗುವುದಿಲ್ಲ ಎಂದು ಗೊತ್ತಾದಾಗ, ಸದ್ಯಕ್ಕೆ ಸಹಾಯಕ ದಳವಾದರೂ ಆಗಲಿ ಎಂದು ಒಪ್ಪಿಕೊಂಡರು. 1942ರ ಮೇ 15ರಂದು ಅದು ಕಾನೂನಾಯಿತು. ಅವರು ಅಷ್ಟಕ್ಕೇ ಬಿಡಲಿಲ್ಲ. 1943ರ ಜುಲೈ ಹೊತ್ತಿಗೆ ಸಹಾಯಕ ಎಂಬ ಮಾತು ಹೋಗಿ ಆ ದಳ ಸೇನೆಯ ಭಾಗವೇ ಆಯಿತು. ಯುದ್ಧ ಮುಗಿಯುವ ಹೊತ್ತಿಗೆ 1,50,000ಕ್ಕೂ ಹೆಚ್ಚು ಮಹಿಳೆಯರು ಅದರಲ್ಲಿ ಸೇವೆ ಸಲ್ಲಿಸಿದ್ದರು.

ಅವರು ಸೋತದ್ದೂ ಉಂಟು. 1939ರಲ್ಲಿ ಸೆನೆಟರ್ ರಾಬರ್ಟ್ ವ್ಯಾಗ್ನರ್ ಜೊತೆ ಸೇರಿ, ಹಿಟ್ಲರನ ಜರ್ಮನಿಯಿಂದ 20,000 ಮಕ್ಕಳನ್ನು ಕರೆತಂದು ಆಶ್ರಯ ಕೊಡುವ ಮಸೂದೆ ತಂದರು. ವಿರೋಧ ಜೋರಾಗಿ ಅದು ಸಮಿತಿಯಲ್ಲೇ ಸತ್ತಿತು. ಆಮೇಲೆ ಯೂರೋಪಿನಲ್ಲಿ ಯಹೂದಿ ಮಕ್ಕಳಿಗೆ ಏನಾಯಿತು ಎಂಬುದನ್ನು ನಾವು ಸಮಾಜ ವಿಜ್ಞಾನದ ಪಾಠದಲ್ಲಿ ಓದಿದ್ದೇವೆ. ಒಂದು ಮಸೂದೆ ಬೀಳುವುದೆಂದರೆ ಬರೀ ಕಾಗದ ಬಿದ್ದಂತಲ್ಲ.

ಅವರ ಹೆಸರು ಇಂದಿಗೂ ಉಳಿದಿರುವುದು 1944ರ ಕಾನೂನಿನಿಂದ. ಜನ ಅದನ್ನು ಜಿ.ಐ. ಬಿಲ್ ಎಂದೇ ಕರೆಯುತ್ತಾರೆ. ಯುದ್ಧ ಮುಗಿಸಿ ಬರುವ ಸೈನಿಕರು ಮತ್ತೆ ಬೀದಿಗೆ ಬೀಳಬಾರದು ಎಂಬುದು ಅದರ ಉದ್ದೇಶ. ಕರಡು ತಯಾರಿಸಿದವರು ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದವರು. ಪ್ರತಿನಿಧಿ ಸಭೆಯ ಸೈನಿಕ ವ್ಯವಹಾರಗಳ ಸಮಿತಿಯಲ್ಲಿ ವಿರೋಧ ಪಕ್ಷದ ಹಿರಿಯ ಸದಸ್ಯೆಯಾಗಿದ್ದ ರೋಜರ್ಸ್ ಅದನ್ನು ಮುಂದೆ ನಿಂತು ಮಂಡಿಸಿದವರಲ್ಲಿ ಒಬ್ಬರು. ಅದರಂತೆ ಓದಲು ಬಯಸುವ ಮಾಜಿ ಸೈನಿಕನಿಗೆ ವರ್ಷಕ್ಕೆ 500 ಡಾಲರ್‌ವರೆಗೆ ಶುಲ್ಕ, ಒಂಟಿಯಾಗಿದ್ದರೆ ತಿಂಗಳಿಗೆ 50 ಡಾಲರ್, ಸಂಸಾರವಿದ್ದರೆ 75 ಡಾಲರ್ ಖರ್ಚಿಗೆ. ಮನೆ ಕಟ್ಟಲು, ಹೊಲ ಕೊಳ್ಳಲು, ವ್ಯಾಪಾರ ಮಾಡಲು ಸಾಲಕ್ಕೆ ಸರ್ಕಾರದ ಖಾತರಿ. ಕೆಲಸ ಸಿಗದವರಿಗೆ ವಾರಕ್ಕೆ 20 ಡಾಲರ್‌ನಂತೆ 52 ವಾರ ಭತ್ಯೆ.

ಈ ಭತ್ಯೆಯ ಮೇಲೆಯೇ ಮಸೂದೆ ಮುಳುಗುವುದರಲ್ಲಿತ್ತು. ಸಮಿತಿಯ ಅಧ್ಯಕ್ಷ, ಮಿಸಿಸಿಪಿಯ ಜಾನ್ ರ‍್ಯಾಂಕಿನ್, ದುಡಿಯದವರಿಗೆ, ಅದರಲ್ಲೂ ಕಪ್ಪು ಜನರಿಗೆ, ಹಣ ಕೊಡುವುದನ್ನು ಸಹಿಸಲಿಲ್ಲ. ಎರಡೂ ಸದನಗಳ ಜಂಟಿ ಸಮಿತಿಯಲ್ಲಿ ಪ್ರತಿನಿಧಿ ಸಭೆಯ ಕಡೆಯವರು ಮೂರು ಮೂರಾಗಿ ಒಡೆದು ನಿಂತರು. ಏಳನೆಯವರಾದ ಜಾನ್ ಗಿಬ್ಸನ್ ಕಾಯಿಲೆಯಿಂದ ಜಾರ್ಜಿಯಾದ ಮನೆಯಲ್ಲಿದ್ದರು. ರಾತ್ರಿಯಿಡೀ ಫೋನ್, ರೇಡಿಯೋ, ಪೊಲೀಸರ ಮೂಲಕ ಹುಡುಕಿಸಿ, ಕಾರಿನಲ್ಲಿ ಸಾಗಿಸಿ, ವಿಮಾನ ಹತ್ತಿಸಿ ಅವರನ್ನು 1944ರ ಜೂನ್ 10ರ ಬೆಳಿಗ್ಗೆ ಸಮಿತಿಗೆ ಕರೆತಂದರು. ಅವರ ಒಂದು ಮತದಿಂದ ಮಸೂದೆ ಉಳಿಯಿತು. ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದರು. ಆ ಹೊತ್ತಿನ ಫೋಟೋದಲ್ಲಿ ಅವರ ಹಿಂದೆ ಸಾಲಾಗಿ ನಿಂತ ಗಂಡಸರ ನಡುವೆ ರೋಜರ್ಸ್ ಇದ್ದಾರೆ.

ಮುಂದಿನ ವರ್ಷಗಳಲ್ಲಿ ಸುಮಾರು 78 ಲಕ್ಷ ಮಾಜಿ ಸೈನಿಕರು ಈ ಕಾನೂನಿನಡಿ ಓದಿದರು ಅಥವಾ ತರಬೇತಿ ಪಡೆದರು. ಅವರಲ್ಲಿ ಸುಮಾರು 22 ಲಕ್ಷ ಜನ ಕಾಲೇಜು ಸೇರಿದರು. ಸೋಮಾರಿಗಳನ್ನು ಹುಟ್ಟಿಸುತ್ತದೆ ಎಂದು ಹೆದರಿಸಿದ್ದ ನಿರುದ್ಯೋಗ ಭತ್ಯೆಗೆಂದು ಇಟ್ಟ ಹಣದಲ್ಲಿ ಐದನೇ ಒಂದು ಭಾಗವೂ ಖರ್ಚಾಗಲಿಲ್ಲ. ಎಂಜಿನಿಯರುಗಳು, ಮೇಷ್ಟ್ರುಗಳು, ವೈದ್ಯರು ಹೀಗೆ ಒಂದು ತಲೆಮಾರೇ ಹೊರಬಂತು.

ಆದರೆ ಈ ಕಥೆಯನ್ನು ಪೂರ್ತಿ ಬೆಲ್ಲ ಮಾಡಿ ಹೇಳಿದರೆ ತಪ್ಪಾಗುತ್ತದೆ. ಕಾನೂನಿನಲ್ಲಿ ಬಣ್ಣದ ಮಾತಿರಲಿಲ್ಲ. ಅದನ್ನು ಜಾರಿಗೆ ತರುವ ಕೆಲಸ ಸ್ಥಳೀಯ ಬ್ಯಾಂಕು, ಕಾಲೇಜು, ಕಚೇರಿಗಳ ಕೈಯಲ್ಲಿತ್ತು. 1947ರಲ್ಲಿ ಮಿಸಿಸಿಪಿಯ 13 ಪಟ್ಟಣಗಳಲ್ಲಿ ಸರ್ಕಾರದ ಖಾತರಿಯ 3,200ಕ್ಕೂ ಹೆಚ್ಚು ಸಾಲಗಳಲ್ಲಿ ಕಪ್ಪು ಮಾಜಿ ಸೈನಿಕರಿಗೆ ಸಿಕ್ಕಿದ್ದು ಕೇವಲ 2. ಯುದ್ಧದಲ್ಲಿ ಗುಂಡು ಇಬ್ಬರಿಗೂ ಒಂದೇ ಆಗಿತ್ತು, ಬ್ಯಾಂಕಿನ ಬಾಗಿಲು ಮಾತ್ರ ಒಂದೇ ಆಗಿರಲಿಲ್ಲ. ನಾನು ಕೋಡ್ ಬರೆಯುವವನು. ಬರೆದ ಪ್ರೋಗ್ರಾಂ ಸರಿಯಿದ್ದರೆ ಸಾಲದು, ಬಳಸುವವರ ಕೈಯಲ್ಲಿ ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಕಾನೂನಿಗೂ ಅದೇ ಪಾಠ ಸಲ್ಲುತ್ತದೆ.

ರೋಜರ್ಸ್ 1947ರಿಂದ 1949ರವರೆಗೆ, ಮತ್ತೆ 1953ರಿಂದ 1955ರವರೆಗೆ ಸೈನಿಕ ವ್ಯವಹಾರಗಳ ಸಮಿತಿಯ ಅಧ್ಯಕ್ಷೆಯಾಗಿದ್ದರು. 1960ರ ಸೆಪ್ಟೆಂಬರ್ 10ರಂದು ಬಾಸ್ಟನ್ನಿನಲ್ಲಿ ತೀರಿಕೊಂಡಾಗ ಅವರಿಗೆ 79 ವರ್ಷ. ಮತ್ತೊಂದು ಚುನಾವಣೆಗೆ ನಿಂತಿದ್ದರು, ಪಕ್ಷದೊಳಗಿನ ಮತದಾನಕ್ಕೆ ಮೂರೇ ದಿನ ಉಳಿದಿತ್ತು.

ಈ ಬದುಕಿನಿಂದ ನಾನು ಕಲಿತದ್ದು ಇಷ್ಟು. ಶಾಲು, ಹಾರ, ಚಪ್ಪಾಳೆ ಬೇಡವೆಂದಲ್ಲ, ಅವು ಬೇಕು. ಆದರೆ ಹಾರ ಸಂಜೆಗೆ ಬಾಡುತ್ತದೆ. ಗೌರವ ಬಾಡದಿರಬೇಕಾದರೆ ಅದನ್ನು ಹಕ್ಕಾಗಿ ಬರೆದಿಡಬೇಕು, ಬರೆದ ಹಕ್ಕನ್ನು ಮನೆ ಬಾಗಿಲಿಗೆ ತಲುಪಿಸಬೇಕು. ಮೊದಲನೆಯದು ಶಾಸನ ಸಭೆಯವರ ಕೆಲಸ. ಎರಡನೆಯದನ್ನು ನಾವೂ ಮಾಡಬಹುದು.

ನಮ್ಮ ಊರಿನಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಸೇನೆಗೆ ಹೋದವರಿದ್ದಾರೆ, ನಿವೃತ್ತರಾಗಿ ಬಂದವರಿದ್ದಾರೆ, ಅವರನ್ನು ಕಳೆದುಕೊಂಡ ಮನೆಗಳೂ ಇವೆ. ನಮ್ಮ ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. ಮಾಜಿ ಸೈನಿಕರ ಮಕ್ಕಳು ಬಿ.ಇ.ಯಂಥ ವೃತ್ತಿಶಿಕ್ಷಣ ಓದಲು ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಇದೆ. ಇವು ಇವೆ ಎಂದು ಗೊತ್ತಿಲ್ಲದ ಮನೆಗಳು, ಗೊತ್ತಿದ್ದರೂ ಒಂದು ಅಕ್ಷರದ ವ್ಯತ್ಯಾಸಕ್ಕೆ ಅರ್ಜಿ ನಿಂತುಹೋದ ಮನೆಗಳು ನಮ್ಮಲ್ಲೇ ಇರಬಹುದು. ಆದ್ದರಿಂದ ನನ್ನ ಬ್ಯಾಚಿನ ಇಬ್ಬರು ಗೆಳೆಯರೂ ನಾನೂ ಸೇರಿ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ತಿಂಗಳಿಗೊಂದು ಭಾನುವಾರ ಶಾಲೆಯಲ್ಲಿ ಕೂತು ಇಂಥ ಅರ್ಜಿಗಳನ್ನು ತುಂಬಿಕೊಡಬೇಕೆಂದಿದ್ದೇವೆ. ಲ್ಯಾಪ್‌ಟಾಪ್, ಪ್ರಿಂಟರ್ ನಾವು ತರುತ್ತೇವೆ. ಕಾಗದ ಪತ್ರಗಳನ್ನು ನೀವು ತನ್ನಿ. ಕೈಜೋಡಿಸುವ ಹಳೆಯ ವಿದ್ಯಾರ್ಥಿಗಳಿಗೆ ಸ್ವಾಗತ.

ಮಿಲ್ಟ್ರಿ ತಾತನ ಅಜ್ಜಿ ಈಗಿಲ್ಲ. ಮುಂದಿನ ಆಗಸ್ಟ್ 15ರಂದು ವೇದಿಕೆಯಿಂದ ಇಳಿದು ಬರುವ ಇನ್ನೊಬ್ಬ ತಾಯಿ ಅದೇ ಪ್ರಶ್ನೆ ಕೇಳಿದರೆ, ಕಾಗದ ಬಂದಿದೆ ಎಂದು ಹೇಳುವಂತಾಗಲಿ.