ಓಲಾಟವನ್ನು ಅಳೆದ ವಿಲಿಯಂ ಫ್ರೂಡ್

9ನೇ ತರಗತಿಯಲ್ಲಿ ತೇಲುವಿಕೆಯ ಪಾಠ ಬಂದಾಗ ಆರ್ಕಿಮಿಡೀಸ್‌ನ ಕಥೆ ಹೇಳುತ್ತೇವೆ. ತೇಲುವ ವಸ್ತು ಓಲಾಡಿದರೆ ಏನಾಗುತ್ತದೆ ಎಂದು ಹುಡುಕಿದ ವಿಲಿಯಂ ಫ್ರೂಡ್‌ರ ಹೆಸರು ಅಲ್ಲಿ ಬರುವುದು ಅಪರೂಪ. ಕೃಷ್ಣರಾಜಪುರದಲ್ಲಿ ಅಭ್ಯಾಸ ಬೋಧನೆಯ ಪೂರಕ ಓದಿಗೆಂದು ನಾನು ಸಿದ್ಧಪಡಿಸಿದ ಅವರ ಜೀವನ ಪರಿಚಯ ಇದು.

ಫ್ರೂಡ್ 1810ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಡಾರ್ಟಿಂಗ್ಟನ್‌ನಲ್ಲಿ ಜನಿಸಿದರು. ಆಕ್ಸ್‌ಫರ್ಡ್‌ನಲ್ಲಿ ಗಣಿತ ಓದಿ, ಪ್ರಸಿದ್ಧ ಎಂಜಿನಿಯರ್ ಬ್ರುನೆಲ್‌ರ ಕೈಕೆಳಗೆ ರೈಲುಮಾರ್ಗದ ಕೆಲಸ ಮಾಡಿದರು. ಗ್ರೇಟ್ ಈಸ್ಟರ್ನ್ ಎಂಬ ಬೃಹತ್ ಹಡಗನ್ನು ಕಟ್ಟುತ್ತಿದ್ದ ಬ್ರುನೆಲ್, ಅಲೆಗಳಲ್ಲಿ ಅದು ಹೇಗೆ ಓಲಾಡೀತು ಎಂದು ಅಧ್ಯಯನ ಮಾಡಲು ಇವರನ್ನೇ ಕೇಳಿದರು. ಫ್ರೂಡ್ 1861ರಲ್ಲಿ ಉತ್ತರ ಮಂಡಿಸಿದರು. ಜೋಕಾಲಿಯಂತೆ ಪ್ರತಿ ಹಡಗಿಗೂ ತನ್ನದೇ ಓಲಾಟದ ಅವಧಿಯಿದೆ. ಅಲೆಗಳ ಅವಧಿ ಅದಕ್ಕೆ ಹೊಂದಿದರೆ ಸಣ್ಣ ಅಲೆಗಳೂ ಹಡಗನ್ನು ಅಪಾಯಕ್ಕೆ ಒಯ್ಯಬಲ್ಲವು.

ಪುಟ್ಟ ಮಾದರಿಯ ಫಲಿತಾಂಶ ದೊಡ್ಡ ಹಡಗಿಗೆ ಒಪ್ಪದು ಎಂದು ಆಗಿನ ಅನೇಕ ತಜ್ಞರು ನಂಬಿದ್ದರು. ಫ್ರೂಡ್ 3, 6, 12 ಅಡಿಗಳ ಮಾದರಿಗಳನ್ನು ನೀರಿನಲ್ಲಿ ಎಳೆದು ನೋಡಿದರು. ವೇಗವನ್ನು ಉದ್ದದ ವರ್ಗಮೂಲಕ್ಕೆ ಅನುಪಾತದಲ್ಲಿಟ್ಟರೆ ಮಾದರಿಯೂ ಹಡಗೂ ಒಂದೇ ಬಗೆಯ ಅಲೆ ಎಬ್ಬಿಸುತ್ತವೆ. ಹಡಗಿನ 16ರಲ್ಲಿ 1 ಭಾಗದ ಮಾದರಿಯನ್ನು ಅದರ ವೇಗದ 4ರಲ್ಲಿ 1 ಭಾಗದಲ್ಲಿ ಎಳೆಯಬೇಕು. ಮೇಲ್ಮೈ ಘರ್ಷಣೆ ಈ ನಿಯಮಕ್ಕೆ ಒಳಪಡದು. ಆದ್ದರಿಂದ ಅದನ್ನು ಬೇರೆಯಾಗಿ ಲೆಕ್ಕ ಹಾಕಿದರು. 1872ರಲ್ಲಿ ಟಾರ್ಕ್ವೇಯ ತಮ್ಮ ಮನೆಯ ಬಳಿಯ ತೊಟ್ಟಿಯಲ್ಲಿ ಮೇಣದ ಮಾದರಿಗಳ ಪ್ರಯೋಗ ಆರಂಭಿಸಿದರು. ಗ್ರೇಹೌಂಡ್ ಎಂಬ ನಿಜ ಹಡಗನ್ನೇ ಎಳೆಸಿ ಅಳೆದಾಗ ಅವರ ವಿಧಾನ ಸರಿಯೆಂದು ಕಂಡುಬಂತು.

1878ರಲ್ಲಿ ಅವರು ಹಡಗಿನ ಪ್ರೊಪೆಲರ್‌ನ ಅಲಗನ್ನು ಸಣ್ಣ ತುಂಡುಗಳೆಂದು ಭಾವಿಸಿ, ಪ್ರತಿ ತುಂಡಿಗೆ ನೀರು ಬಡಿಯುವ ವೇಗ ಮತ್ತು ಕೋನದಿಂದ ಬಲವನ್ನು ಲೆಕ್ಕ ಹಾಕುವ ದಾರಿ ತೋರಿದರು. ಉಬ್ಬರವಿಳಿತದ ಪ್ರವಾಹದಿಂದ ವಿದ್ಯುತ್ ತೆಗೆಯುವ ತೇಲುವ ಟರ್ಬೈನ್‌ಗಳಿಗೆ ಇಂದು ಅವರ ಎರಡೂ ಕೆಲಸಗಳು ಬೇಕು. ಅಲೆಗೆ ವೇದಿಕೆ ಹಿಂದೆಮುಂದೆ ಸರಿದರೆ ಅಲಗಿಗೆ ತಾಗುವ ನೀರಿನ ಸಾಪೇಕ್ಷ ವೇಗ ಬದಲಾಗುತ್ತದೆ. ಪ್ರವಾಹ ಸೆಕೆಂಡಿಗೆ 2 ಮೀಟರ್, ವೇದಿಕೆಯ ಗರಿಷ್ಠ ವೇಗ 0.5 ಮೀಟರ್ ಎಂದುಕೊಳ್ಳಿ. ಸಾಪೇಕ್ಷ ವೇಗ 2.5 ಮತ್ತು 1.5ರ ನಡುವೆ ಆಡುತ್ತದೆ. ನೀರಿನ ಸಾಮರ್ಥ್ಯ ವೇಗದ ಘನಕ್ಕೆ ಅನುಪಾತದಲ್ಲಿರುವುದರಿಂದ 15.6ಕ್ಕೂ 3.4ಕ್ಕೂ ಇರುವಷ್ಟು, ಅಂದರೆ ನಾಲ್ಕೂವರೆ ಪಟ್ಟಿಗೂ ಮಿಕ್ಕ ಅಂತರ! ಸರಾಸರಿ ಉತ್ಪಾದನೆ ಹೆಚ್ಚು ಬದಲಾಗದಿದ್ದರೂ ಅಲಗುಗಳು ಈ ಏರಿಳಿತವನ್ನು ವರ್ಷಗಟ್ಟಲೆ ತಾಳಬೇಕು.

ಫ್ರೂಡ್ 1879ರಲ್ಲಿ ದಕ್ಷಿಣ ಆಫ್ರಿಕಾದ ಸೈಮನ್ಸ್‌ಟೌನ್‌ನಲ್ಲಿ ನಿಧನರಾದರು. ಮಗ ರಾಬರ್ಟ್ ಎಡ್ಮಂಡ್ ಕೆಲಸ ಮುಂದುವರಿಸಿದರು. ಅಣೆಕಟ್ಟಿನ ಕೋಡಿಯ ಮಾದರಿಗಳನ್ನು ಪರೀಕ್ಷಿಸುವ ಎಲ್ಲೆಡೆ ಇಂದೂ ಫ್ರೂಡ್ ಸಂಖ್ಯೆಯೇ ಆಧಾರ. ನಮ್ಮ ಕೃಷ್ಣರಾಜಸಾಗರದ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ ಮಾಡುವುದೂ ಇಂಥ ಪರೀಕ್ಷೆಗಳನ್ನೇ.

ಪಾಠಯೋಜನೆಗೆ ಒಂದು ಚಟುವಟಿಕೆ: ಬಕೆಟ್ಟಿನಲ್ಲಿ ಪ್ಲಾಸ್ಟಿಕ್ ಡಬ್ಬಿ ತೇಲಿಸಿ, ತಳದಲ್ಲಿ ಕಲ್ಲಿಟ್ಟು ಹತ್ತು ಓಲಾಟಗಳ ಕಾಲ ಅಳೆಯಿರಿ. ಅದೇ ಕಲ್ಲನ್ನು ಸ್ವಲ್ಪ ಮೇಲೆ ಕಟ್ಟಿ ಮತ್ತೆ ಅಳೆಯಿರಿ. ಕಾಲ ಏಕೆ ಬದಲಾಯಿತೆಂದು ಮಕ್ಕಳೇ ಹೇಳಲಿ.