ಕಂಕನಾಡಿಯ ಫಾದರ್ ಮುಲ್ಲರ್

ಮಂಗಳೂರಿನಲ್ಲಿ ಅಜ್ಜ ಅಜ್ಜಿ ಇರುವ ಮಕ್ಕಳು ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಹೆಸರು ಕೇಳಿಯೇ ಇರುತ್ತಾರೆ. ಆ ಫಾದರ್ ಯಾರೆಂದು ಕೇಳಿದರೆ ಎಷ್ಟೋ ಸಲ ದೊಡ್ಡವರೂ ತಡವರಿಸುತ್ತಾರೆ.

ಅಗಸ್ಟಸ್ ಮುಲ್ಲರ್ 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ಹುಟ್ಟಿದರು. ಯೇಸು ಸಭೆ ಎಂಬ ಕ್ರೈಸ್ತ ಪಾದ್ರಿಗಳ ಸಂಘಕ್ಕೆ ಸೇರಿ, ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಧರ್ಮಶಾಸ್ತ್ರ ಓದಿ ಪಾದ್ರಿಯಾದರು. 1878ರ ಕೊನೆಗೆ ಮಂಗಳೂರಿಗೆ ಬಂದು, ಸಂತ ಅಲೋಶಿಯಸ್ ಕಾಲೇಜಿನಲ್ಲಿ ಮೇಷ್ಟರಾದರು. ಹುಷಾರು ತಪ್ಪಿದ ವಿದ್ಯಾರ್ಥಿಗಳಿಗೆ ತಮ್ಮಲ್ಲಿದ್ದ ಹೋಮಿಯೋಪಥಿ ಗುಳಿಗೆ ಕೊಡುತ್ತಿದ್ದರು. ಸುದ್ದಿ ಹಬ್ಬಿತು, ಹುಡುಗರ ಮನೆಯವರೂ ಬಂದರು. ಕಂಕನಾಡಿಯ ಆಲದ ಮರದಡಿ ಔಷಧ ಹಂಚಿದ ಆ ಕೆಲಸ 1880ರಲ್ಲಿ ಬಡವರ ಔಷಧಾಲಯವಾಯಿತು.

ಅವರನ್ನು ನೆನೆಯಬೇಕಾದದ್ದು ಮುಖ್ಯವಾಗಿ ಮುಂದಿನ ಕೆಲಸಕ್ಕೆ. 1890ರಲ್ಲಿ ಅವರು ಕುಷ್ಠರೋಗಿಗಳಿಗೆ ಆಶ್ರಯಧಾಮ ತೆರೆದರು. ಕುಷ್ಠ ಬಂದವರ ಕೈಕಾಲು ಜೋಮು ಹಿಡಿಯುತ್ತದೆ. ಬಿಸಿ ಪಾತ್ರೆ ಮುಟ್ಟಿದರೂ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಗಾಯ ಹುಣ್ಣಾಗಿ ಬೆರಳುಗಳೇ ಸವೆಯುತ್ತವೆ. ಇದಕ್ಕೆ ಕಾರಣವಾದ ರೋಗಾಣುವನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲೇ ಗುರುತಿಸಿದ್ದರು, ಆದರೆ ಗುಣಪಡಿಸುವ ಮದ್ದು ಯಾರಲ್ಲೂ ಇರಲಿಲ್ಲ. ರೋಗಕ್ಕಿಂತ ಹೆಚ್ಚು ನೋಯಿಸಿದ್ದು ಜನ. ಮನೆಯವರೇ ಹೊರಗೆ ಹಾಕುತ್ತಿದ್ದರು. ದೇವರ ಶಾಪವೆಂದು ಊರು ದೂರ ಸರಿಯುತ್ತಿತ್ತು.

ಮುಲ್ಲರ್ ನಂಬಿದ ಬೈಬಲ್ಲಿನಲ್ಲಿ ಬೇರೆ ಮಾತಿತ್ತು. ಎಲ್ಲರೂ ದೂರವಿಟ್ಟ ಕುಷ್ಠರೋಗಿಯನ್ನು ಯೇಸು ಕೈಚಾಚಿ ಮುಟ್ಟಿದ ಕಥೆ ಮತ್ತಾಯನ ಸುವಾರ್ತೆಯಲ್ಲಿದೆ. ಆ ಕಥೆಯನ್ನು ನಂಬಿದ ಪಾದ್ರಿಗೆ, ವಾಸಿಮಾಡಲು ಆಗದವರನ್ನು ಬಿಟ್ಟುಬಿಡುವುದು ಸಾಧ್ಯವಿರಲಿಲ್ಲ. ಹೋಮಿಯೋಪಥಿಯಿಂದ ಕುಷ್ಠ ಗುಣವಾಗದು ನಿಜ. ಆದರೂ ಮಲಗಲು ಜಾಗ, ಹೊತ್ತಿಗೆ ಊಟ, ಗಾಯಕ್ಕೆ ಆರೈಕೆ, ಕೂಗಿದರೆ ಓಗೊಡುವ ಮನುಷ್ಯರು ಆ ಆಶ್ರಯಧಾಮದಲ್ಲಿದ್ದರು. ಬೀದಿಗೆ ಬಿದ್ದವರಿಗೆ ಬದುಕಿನ ಆಸೆ ಮರಳಲು ಇದಕ್ಕಿಂತ ದೊಡ್ಡ ಮದ್ದು ಆಗ ಇನ್ನೇನಿತ್ತು? 1902ರಲ್ಲಿ ಪ್ಲೇಗ್ ಬಂದಾಗ, ಅದರ ರೋಗಿಗಳಿಗೂ ಮುಲ್ಲರ್ ಆಸ್ಪತ್ರೆ ತೆರೆದರು.

ಮುಲ್ಲರ್ 1910ರಲ್ಲಿ ತೀರಿಕೊಂಡರು. ಕುಷ್ಠಕ್ಕೆ ಈಗ ಮಾತ್ರೆಗಳಿವೆ, ರೋಗ ಪೂರ್ತಿ ಗುಣವಾಗುತ್ತದೆ. ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ರಜೆಗೆ ಊರಿಗೆ ಹೋದಾಗ ಈ ಕಾಯಿಲೆಯಿಂದ ಬೆರಳು ಕಳೆದುಕೊಂಡವರು ಎದುರಾದರೆ ಹೆದರಿ ಹಿಂದೆ ಸರಿಯಬೇಡಿ, ಮಕ್ಕಳೇ. ನಮಸ್ಕಾರ ಹೇಳಿ, ನಿಂತು ಮಾತಾಡಿಸಿ.